ಸಾವಿನ ಮನೆಯಲ್ಲಿ ದರ ಕೇಳುವವರು ಯಾರು?

ಹುಲಜಂತಿ ಎಂದರೆ ಹೊರಗಿನವರಿಗೆ ದೀಪಾವಳಿ ಅಮಾವಾಸ್ಯೆಯ ಮಹಾಲಿಂಗರಾಯನ ಜಾತ್ರೆ. ಗುಡಿಯ ಶಿಖರಕ್ಕೆ ಸುತ್ತಿದ ಮುಂಡಾಸು, ಪಲ್ಲಕ್ಕಿಗಳ ಭೇಟಿ, ಮುಗಿಲಿಗೆ ತೂರಿದ ಭಂಡಾರ, ಡೊಳ್ಳಿನ ಸಪ್ಪಳ. ಜಾತ್ರೆಯ ಜನ ತಿರುಗಿ ಹೋದ ಮೇಲೆ ಉಳಿಯುವ ಊರು ಮಾತ್ರ ಸೋಲಾಪುರ ಜಿಲ್ಲೆಯ ಗಡಿಯ ಬೇರೆ ಕನ್ನಡ ಹಳ್ಳಿಗಳ ಹಾಗೆಯೇ ಇದೆ. ಎದೆ ಹಿಡಿದುಕೊಂಡು ಕುಸಿದವರನ್ನು, ಹೊಲದಲ್ಲಿ ಹಾವು ಕಡಿದವರನ್ನು ಎತ್ತಿಕೊಂಡು ಮೊದಲು ಮಂಗಳವೇಢೆ, ಅಲ್ಲಿ ಆಗದಿದ್ದರೆ ಸೋಲಾಪುರ, ಇಲ್ಲವೆ ಗಡಿ ದಾಟಿ ವಿಜಯಪುರ. ಅಕ್ಕಲಕೋಟೆ ತಾಲೂಕಿನ ಮೈಂದರ್ಗಿ, ದುಧನಿ ಕಡೆಯವರಾದರೆ ಸೋಲಾಪುರ ಇಲ್ಲವೆ ಕಲಬುರಗಿ. ಹಾಗೆ ಹೋದವರಲ್ಲಿ ಕೆಲವರು ಜೀವಂತ ತಿರುಗಿ ಬರುವುದಿಲ್ಲ. ಅಲ್ಲಿಂದ ಶುರುವಾಗುವ ಕೊಡು-ಕೊಳ್ಳುವ ವ್ಯವಹಾರದ ಬಗ್ಗೆ ಈ ವಾರ ಬರೆಯುತ್ತಿದ್ದೇನೆ. ಅದೂ ವ್ಯವಹಾರವೇ ಎಂದು ಒಪ್ಪಿಕೊಳ್ಳಲು ನಮಗೆ ಮನಸ್ಸು ಬರುವುದಿಲ್ಲ. ಅದರ ಲಾಭ ಬೇರೆಯವರಿಗೆ ಆಗುತ್ತಿದೆ.

ಆಸ್ಪತ್ರೆಯ ಹಿಂಬಾಗಿಲಿನ ನೋಟ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ಅಪರಾತ್ರಿ. ಒಳಗೆ ಹೆಂಗಸರ ಅಳು. ಹೊರಗೆ ಬೇವಿನ ಗಿಡದ ಕೆಳಗೆ ಬಿಳಿ ಗಾಡಿಗಳು ಸಾಲಾಗಿ ನಿಂತಿವೆ. ಮನೆಯ ಹಿರಿಮಗ ಹೊರಗೆ ಬಂದದ್ದೇ ಒಬ್ಬ ಹತ್ತಿರ ಬಂದು, ‘ಯಾವ ಊರಿಗ್ರಿ ಅಣ್ಣಾರ?’ ಎನ್ನುತ್ತಾನೆ. ಊರಿನ ಹೆಸರು ಹೇಳಿದ ಮೇಲೆ, ‘ಎಷ್ಟಾಗ್ತದಪಾ?’ ಎಂದು ಮಗ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಇಂಥಾ ಹೊತ್ತಿನ್ಯಾಗ ರೊಕ್ಕದ ಮಾತ್ಯಾಕ್ರೀ? ಮೊದಲು ಮನಿ ಮುಟ್ಟೂಣು, ಆಮ್ಯಾಲ ನೋಡೂಣು.’ ಕೇಳಲು ಇದಕ್ಕಿಂತ ಸಮಾಧಾನದ ಮಾತಿಲ್ಲ, ವ್ಯವಹಾರದಲ್ಲಿ ಇದಕ್ಕಿಂತ ದುಬಾರಿಯ ಮಾತೂ ಇಲ್ಲ. ಮನೆ ಮುಟ್ಟಿದ ಮೇಲೆ, ಅಂಗಳದ ತುಂಬ ಬೀಗರು ನಿಂತಿರುವಾಗ, ಆ ಮಗ ಚೌಕಾಸಿ ಮಾಡುತ್ತಾನೆಯೇ? ಕೇಳಿದಷ್ಟು ಎಣಿಸಿ ಕೊಡುತ್ತಾನೆ. ರಾತ್ರಿ ಪಾಳಿ, ತಿರುಗಿ ಖಾಲಿ ಬರುವ ದಾರಿ, ರಾಜ್ಯ ದಾಟಿದ್ದು, ಹೆಣ ಇಳಿಸಲು ಕೈ ಹಚ್ಚಿದ್ದು, ಎಲ್ಲಕ್ಕೂ ಬೇರೆ ಬೇರೆ ಲೆಕ್ಕ ಆಗ ಹುಟ್ಟುತ್ತದೆ. ಚೀಟಿ ಮಾತ್ರ ಇರುವುದಿಲ್ಲ.

ಮೊದಲು ಹೀಗಿರಲಿಲ್ಲ. ‘ಮಣ್ಣಿಗೆ ಹೋಗಬೇಕು’ ಎಂದು ಕುಂಟಿ ಕೊರಡು ಬಿಟ್ಟು ಎದ್ದು ಬಂದವರೇ ಕುಣಿ ತೋಡುತ್ತಿದ್ದರು, ಸಿದಿಗೆ ಕಟ್ಟುತ್ತಿದ್ದರು, ಕಟ್ಟಿಗೆ ಕುಳ್ಳು ಹೊತ್ತು ತರುತ್ತಿದ್ದರು. ಲಿಂಗಾಯತರ ಮನೆಯಾದರೆ ವಿಮಾನ ಕಟ್ಟುವ ಕೈಗಳು ಓಣಿಯಲ್ಲೇ ಇರುತ್ತಿದ್ದವು. ವಿಭೂತಿ, ಬಿಲ್ವಪತ್ರಿ, ಉಪ್ಪು ಯಾರೋ ತರುತ್ತಿದ್ದರು, ಯಾರು ತಂದರೆಂದು ಆಮೇಲೂ ಗೊತ್ತಾಗುತ್ತಿರಲಿಲ್ಲ. ಮೂರು ದಿನ ಆ ಮನೆಯಲ್ಲಿ ಒಲೆ ಹೊತ್ತದಿದ್ದರೂ ನೆರೆಮನೆಯ ರೊಟ್ಟಿ ಬುಟ್ಟಿ ತಪ್ಪುತ್ತಿರಲಿಲ್ಲ. ಇದೆಲ್ಲ ಚಂದವಾಗಿಯೇ ಇತ್ತೆಂದು ಹೇಳಲಾರೆ. ಹಲಗೆ ಬಾರಿಸುವ, ಸತ್ತ ಸುದ್ದಿ ಊರೂರಿಗೆ ಮುಟ್ಟಿಸುವ ಕೆಲಸ ಒಂದೇ ಕೇರಿಯವರ ತಲೆಗೆ ಕಟ್ಟಿತ್ತು, ಅವರ ಹೆಣಕ್ಕೆ ಮಾತ್ರ ಊರಿನ ರುದ್ರಭೂಮಿಯಲ್ಲಿ ಜಾಗವಿರಲಿಲ್ಲ. ಮಂಗಳವೇಢೆಯ ಗೋಡೆ ಕಟ್ಟುವಾಗ ಅದರಡಿಗೆ ಸಿಕ್ಕು ಸತ್ತ, ಅಂಥದೇ ಕೇರಿಯ ಸಂತ ಚೋಖಾಮೇಳನ ಎಲುಬುಗಳನ್ನು ಸಂತ ನಾಮದೇವರು ಹುಡುಕಿ ಪಂಢರಪುರಕ್ಕೆ ಒಯ್ದರೆಂಬ ಕಥೆ ಹುಟ್ಟಿದ್ದೂ ಇದೇ ತಾಲೂಕಿನಲ್ಲಿ. ಆದ್ದರಿಂದ ಹಳೆಯದು ಹೋಯಿತೆಂದು ಅಳುವುದು ನನ್ನ ಉದ್ದೇಶವಲ್ಲ. ದುಡಿದವನಿಗೆ ಕೂಲಿ ಸಿಗಲಿ, ಕುಣಿ ತೋಡಿದವನಿಗೂ ಸಿಗಲಿ. ಆದರೆ ದುಡ್ಡು ಕೊಟ್ಟು ಕೊಳ್ಳುವ ಮಾತು ಬಂದ ಮೇಲೆ ಕೊಳ್ಳುವವನ ಹಕ್ಕೂ ಅದರ ಜೊತೆಗೇ ಬರಬೇಕಲ್ಲ. ನಮ್ಮಲ್ಲಿ ದುಡ್ಡು ಮಾತ್ರ ಬಂದಿದೆ.

ಈಗ ಆಂಬುಲೆನ್ಸ್ ಬಾಡಿಗೆ, ದೂರದ ಮಗಳು ಬರುವತನಕ ಇಡಲು ಐಸ್ ಪೆಟ್ಟಿಗೆ, ಪೆಂಡಾಲು, ಕುರ್ಚಿ, ಹೂವಿನ ವಿಮಾನ ಇಲ್ಲವೆ ಟ್ರ್ಯಾಕ್ಟರಿಗೆ ಸಿಂಗಾರ, ಜೆಸಿಬಿಯಲ್ಲಿ ಕುಣಿ, ಕ್ವಿಂಟಲ್ ಲೆಕ್ಕದ ಕಟ್ಟಿಗೆ, ಭಜನಾ ಮೇಳ, ಸರ್ಕಲ್ಲಿನಲ್ಲಿ ಫ್ಲೆಕ್ಸು, ದಿವಸದ ಊಟಕ್ಕೆ ಕೇಟರಿಂಗ್, ವರ್ಷ ತುಂಬುವುದರೊಳಗೆ ಕಲ್ಲಿನ ಸಮಾಧಿ. ಇಷ್ಟನ್ನೂ ಸಾಲ ಮಾಡಿಯಾದರೂ ಕೊಳ್ಳುತ್ತೇವೆ. ಮೊಬೈಲ್ ಕೊಳ್ಳುವಾಗ ಮೂರು ಅಂಗಡಿ ತಿರುಗುವವರು ಇಲ್ಲಿ ಎದುರಿಗೆ ಸಿಕ್ಕ ಮೊದಲನೆಯವನಿಗೆ ಹೂಂ ಎನ್ನುತ್ತೇವೆ. ‘ಅಪ್ಪನ ಮಣ್ಣಿಗೂ ರೇಟ ನೋಡ್ದಾಂವ’ ಎಂದು ಜನ ಆಡಿಕೊಂಡಾರು ಎಂಬ ಅಂಜಿಕೆ.

ಕಾನೂನಿಗೆ ಇಂಥ ಅಂಜಿಕೆ ಇಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ 2019ರ ಹೊಸ ಕಾಯ್ದೆ ಬಂದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಹಣ ಕೊಟ್ಟು ಪಡೆದ ಸೇವೆ ಮದುವೆಯದಾದರೇನು, ಮಣ್ಣಿನದಾದರೇನು, ಅದು ಸೇವೆಯೇ. ಐಸ್ ಪೆಟ್ಟಿಗೆ ಅರ್ಧ ರಾತ್ರಿಗೆ ಕೆಟ್ಟು ನಿಂತರೆ, ಹೇಳಿದ ಗಾಡಿ ಬಾರದೆ ಬೇರೆ ಗಾಡಿ ಹಿಡಿಯಬೇಕಾಗಿ ಬಂದರೆ, ಒಂದು ದರ ಹೇಳಿ ಇನ್ನೊಂದು ದರ ವಸೂಲಿ ಮಾಡಿದರೆ ಅದು ಸೇವಾ ನ್ಯೂನತೆ ಇಲ್ಲವೆ ಅನುಚಿತ ವ್ಯಾಪಾರ. ಈ ಕಾಯ್ದೆಯಲ್ಲಿ ನಮ್ಮ ಜನಕ್ಕೆ ಬಹಳ ಉಪಯೋಗದ, ಆದರೆ ಬಹಳ ಕಡಿಮೆ ಜನಕ್ಕೆ ಗೊತ್ತಿರುವ ಒಂದು ಮಾತಿದೆ: ಮಾರಿದ ಸಾಮಾನಿಗೆ, ಮಾಡಿದ ಸೇವೆಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದೇ ಒಂದು ಅನುಚಿತ ವ್ಯಾಪಾರ ಪದ್ಧತಿ. ಅಂದರೆ ಚೀಟಿ ಕೇಳುವುದು ನಿಮ್ಮ ಸಣ್ಣತನವಲ್ಲ, ಕೊಡದಿರುವುದು ಅವನ ತಪ್ಪು.

ಒಂದು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಕಟ್ಟಿಹಾಕುವುದನ್ನು ಇದೇ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ‘ನಮ್ಮ ಗೇಟಿನಿಂದ ನಮ್ಮ ಗಾಡಿಯೇ ಹೋಗಬೇಕು’ ಎನ್ನುವವರಿಗೆ, ಪೆಟ್ಟಿಗೆ ಬೇಕಾದರೆ ಪೆಂಡಾಲೂ ನಮ್ಮದೇ ಎನ್ನುವವರಿಗೆ ಇದನ್ನು ನೆನಪಿಸಬಹುದು. ಊರಿನಿಂದಲೇ ಪರಿಚಯದ ಗಾಡಿ ತರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. 108ರ ಗಾಡಿಯನ್ನು ಮಾತ್ರ ಇದಕ್ಕೆ ಕರೆಯಬೇಡಿ. ಅದು ಜೀವ ಇದ್ದವರಿಗೆ, ಇನ್ನೊಬ್ಬರ ಜೀವ ಅದಕ್ಕಾಗಿ ಕಾಯುತ್ತಿರುತ್ತದೆ.

ಆಸ್ಪತ್ರೆಯೊಳಗಿನ ಮಾತಿಗೆ ಬರೋಣ. ‘ಬಾಕಿ ಕಟ್ಟಿ ಬಾಡಿ ಒಯ್ಯಿರಿ’ ಎಂಬ ಮಾತನ್ನು ಕೇಳದ ಊರಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನದಿನಲ್ಲಿ ಇದಕ್ಕೆ ನೇರ ಉತ್ತರವಿದೆ: ಬಿಲ್ಲಿನ ತಕರಾರಿನ ಮೇಲೆ ರೋಗಿಯನ್ನಾಗಲಿ, ಶವವನ್ನಾಗಲಿ ತಡೆದು ಇಟ್ಟುಕೊಳ್ಳುವಂತಿಲ್ಲ. ಕರ್ನಾಟಕವಂತೂ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ಬಾಕಿ ಹಣಕ್ಕೆ ಪಟ್ಟು ಹಿಡಿಯದೆ ಶವ ಒಪ್ಪಿಸಬೇಕೆಂದು ಹೇಳಿದೆ. ಮಹಾರಾಷ್ಟ್ರದಲ್ಲಿ 2021ರ ನರ್ಸಿಂಗ್ ಹೋಮ್ ನಿಯಮಗಳ ಪ್ರಕಾರ ಆಸ್ಪತ್ರೆಗಳು ದರಪಟ್ಟಿಯನ್ನೂ ರೋಗಿಗಳ ಹಕ್ಕುಗಳ ಸನದನ್ನೂ ಜನರಿಗೆ ಕಾಣುವಂತೆ ಹಾಕಬೇಕು. ಬಾಕಿ ಮನ್ನಾ ಆಯಿತೆಂದು ಇದರ ಅರ್ಥವಲ್ಲ. ಸಾಲ ಸಾಲವೇ, ವಸೂಲಿಗೆ ಆಸ್ಪತ್ರೆಗೆ ಕಾನೂನಿನ ದಾರಿ ಇದೆ. ಹೆಣ ಒತ್ತೆ ಇಡುವ ವಸ್ತುವಲ್ಲ, ಅಷ್ಟೆ.

ಶವ ಒಪ್ಪಿಸಿಕೊಳ್ಳುವಾಗ ಮುಖ ನೋಡಿ, ಪಟ್ಟಿಯ ಹೆಸರು ಓದಿ, ಆಮೇಲೆ ಸಹಿ ಮಾಡಿ. ಅಷ್ಟು ದುಃಖದಲ್ಲಿ ಇದೇನು ಎನ್ನಬೇಡಿ. ಕೇರಳದ ಎರ್ನಾಕುಲಂನ ಒಂದು ಆಸ್ಪತ್ರೆಯಲ್ಲಿ ಒಬ್ಬರ ಶವವನ್ನು ಬೇರೆ ಕುಟುಂಬಕ್ಕೆ ಕೊಟ್ಟು, ಅವರು ಸಂಸ್ಕಾರವನ್ನೂ ಮಾಡಿ ಮುಗಿಸಿದ್ದರು. ನಿಜವಾದ ಮಕ್ಕಳು ಗ್ರಾಹಕ ಆಯೋಗಕ್ಕೆ ಹೋದರು. ಅಲ್ಲಿನ ರಾಜ್ಯ ಆಯೋಗ 25 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು; ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ ಆ 25 ಲಕ್ಷವೇ ಗಟ್ಟಿಯಾಯಿತು. ಶವಾಗಾರದ ಕೆಲಸವೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಸರ್ಕಾರಿ ಆಸ್ಪತ್ರೆಯ ಕತೆ ಬೇರೆ. ಎಲ್ಲರಿಗೂ ಪುಕ್ಕಟೆ ಕೊಡುವ ಸೇವೆ ಗ್ರಾಹಕ ಕಾಯ್ದೆಯ ಹೊರಗೆ ಉಳಿಯುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಸೇವೆಯನ್ನು ಈ ಕಾಯ್ದೆಗೆ ಸೇರಿಸಿದಾಗಲೇ ಈ ಗೆರೆ ಎಳೆದಿದೆ. ಹಾಗಾಗಿ ಸಿವಿಲ್ ಆಸ್ಪತ್ರೆಯ ಶವಾಗಾರದಲ್ಲಿ ‘ಚಾ-ನೀರಿಗೆ’ ಎಂದು ಯಾರಾದರೂ ಕೈ ಚಾಚಿದರೆ ಅದು ಗ್ರಾಹಕ ಆಯೋಗದ ವಿಷಯವಲ್ಲ, ಲಂಚದ ವಿಷಯ. ದೂರು ಹೋಗಬೇಕಾದ್ದು ಸಿವಿಲ್ ಸರ್ಜನ್‌ಗೆ, ಲಂಚ ನಿರ್ಮೂಲನ ವಿಭಾಗಕ್ಕೆ. ಪೊಲೀಸ್ ಪ್ರಕರಣದ ಪೋಸ್ಟ್ ಮಾರ್ಟಂ ಸರ್ಕಾರದ ಕರ್ತವ್ಯ, ಮನೆಯವರು ಕೊಳ್ಳುವ ಸೇವೆಯಲ್ಲ.

ಪೋಸ್ಟ್ ಮಾರ್ಟಂ ಬೇಡವೆಂದು ಹಳ್ಳಿಯವರು ಬೇಡಿಕೊಳ್ಳುವುದನ್ನು ನೋಡುತ್ತೇವೆ. ‘ಹೋದ ಜೀವ ಹೋತು, ಕೊಯ್ಯೂದ್ಯಾಕ?’ ಹಾವು ಕಡಿದು, ವಿದ್ಯುತ್ ತಗುಲಿ, ಬಾವಿಗೆ ಬಿದ್ದು ರೈತ ಸತ್ತರೆ ಮಹಾರಾಷ್ಟ್ರದ ಗೋಪಿನಾಥ ಮುಂಡೆ ಶೇತಕರಿ ಅಪಘಾತ ಯೋಜನೆಯಲ್ಲಿ ಮನೆಯವರಿಗೆ 2 ಲಕ್ಷ ರೂಪಾಯಿ ಬರುತ್ತದೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕತ್ತರಿಸುವ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲೂ ಅಪಘಾತದ ಸಾವಿಗೆ 2 ಲಕ್ಷ. ಪಂಚನಾಮೆ, ಪೋಸ್ಟ್ ಮಾರ್ಟಂ ಕಾಗದ ಇಲ್ಲದೆ ಇವುಗಳನ್ನು ಕೇಳುವುದು ಕಷ್ಟ. ಇವುಗಳನ್ನು ‘ಮಂಜೂರು ಮಾಡಿಸಿಕೊಡ್ತೀನಿ, ಬಂದದ್ದರಾಗ ಇಷ್ಟು ನನಗ’ ಎಂದು ದಿವಸದ ಊಟಕ್ಕೇ ಬಂದು ಕೂಡುವ ಏಜೆಂಟರಿದ್ದಾರೆ. ಅರ್ಜಿ ಕೊಡಲು ಏಜೆಂಟ ಬೇಕಿಲ್ಲ. ತಾಲೂಕಿನ ಕೃಷಿ ಕಚೇರಿ ಮತ್ತು ನಿಮ್ಮದೇ ಬ್ಯಾಂಕ್ ಶಾಖೆ ಸಾಕು. ಸೋಲಾಪುರದ ಗಿರಣಿ, ಕಾರಖಾನೆಗಳಲ್ಲಿ ಇಎಸ್‌ಐ ಕಟ್ಟುತ್ತಿದ್ದ ಕಾರ್ಮಿಕ ತೀರಿಕೊಂಡರೆ ಅಂತ್ಯಸಂಸ್ಕಾರದ ಖರ್ಚಿಗೆಂದೇ 15,000 ರೂಪಾಯಿವರೆಗೆ ಸಿಗುತ್ತದೆ. ಬಡತನ ರೇಖೆಯ ಕೆಳಗಿನ ಮನೆಯ ದುಡಿಯುವ ಕೈ 18ರಿಂದ 59ರ ವಯಸ್ಸಿನೊಳಗೆ ಹೋದರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯ 20,000 ರೂಪಾಯಿ. ಇವೆಲ್ಲ ಹಕ್ಕಿನ ಹಣ.

ಗಡಿಯ ಜನಕ್ಕೆ ಹೆಚ್ಚು ತೊಡಕಾಗುವುದು ಮರಣ ಪ್ರಮಾಣಪತ್ರ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ಯಾವ ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಬರೆದದ್ದು ಕಡತದಲ್ಲಿದೆ, ಆ ಜಗಳ ಇಲ್ಲಿ ಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆ ಒಂದೇ ಪ್ರಶ್ನೆ ಕೇಳುತ್ತದೆ: ಸಾವು ಎಲ್ಲಿ ಆಯಿತು? ಹುಲಜಂತಿಯ ಮನುಷ್ಯ ವಿಜಯಪುರದ ಆಸ್ಪತ್ರೆಯಲ್ಲಿ ತೀರಿಕೊಂಡರೆ ನೋಂದಣಿ ಆಗುವುದು ವಿಜಯಪುರದಲ್ಲಿ. ಮಣ್ಣು ಹುಲಜಂತಿಯಲ್ಲಿ ಆಯಿತೆಂದು ಇಲ್ಲಿಯ ಗ್ರಾಮಪಂಚಾಯತಿಗೆ ಹೋಗಿ ಕೇಳಿದರೆ ಕೊಡಲು ಬರುವುದಿಲ್ಲ. ದಾರಿಯಲ್ಲಿ, ಗಾಡಿಯಲ್ಲೇ ಪ್ರಾಣ ಹೋದರೆ? ಗಾಡಿ ಮೊದಲು ನಿಂತ ಊರಿನಲ್ಲಿ ಸುದ್ದಿ ಕೊಡಬೇಕು, ಕೊಡುವ ಹೊಣೆ ಗಾಡಿ ನಡೆಸುವವನದು ಎನ್ನುತ್ತವೆ ನಿಯಮಗಳು. ಚಡಚಣದಲ್ಲಿ ಚಹಾಕ್ಕೆ ನಿಂತಿದ್ದರೆ ಆ ಸಾವು ಕರ್ನಾಟಕದ ಲೆಕ್ಕಕ್ಕೆ. ಕೇಳಿದರೆ ನಗು ಬಂದೀತು, ಆದರೆ ಆರು ತಿಂಗಳ ಮೇಲೆ ಎರಡು ರಾಜ್ಯಗಳ ನಡುವೆ ಅಲೆಯುವ ವಿಧವೆಗೆ ನಗು ಬರುವುದಿಲ್ಲ.

21 ದಿನದೊಳಗೆ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ. 30 ದಿನದವರೆಗೆ ತಡದ ಶುಲ್ಕ, ಅದರಾಚೆ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ನೋಂದಣಿಯಾದ ಏಳು ದಿನದೊಳಗೆ ಪ್ರಮಾಣಪತ್ರ ಪುಕ್ಕಟೆ ಕೊಡಬೇಕು. ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರದ ಪ್ರತಿಯನ್ನೂ ಆಸ್ಪತ್ರೆ ಹತ್ತಿರದ ಸಂಬಂಧಿಕರಿಗೆ ಕೊಡಬೇಕು, ಅದಕ್ಕೂ ದುಡ್ಡಿಲ್ಲ. ಇಲ್ಲಿ ಒಂದು ಕಿವಿಮಾತು. ವಿಜಯಪುರದ ಕಾಗದದಲ್ಲಿ ಹೆಸರು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರುತ್ತದೆ, ಮಂಗಳವೇಢೆಯ ತಲಾಠಿಯ ಸಾತ-ಬಾರಾ ಉತಾರೆಯಲ್ಲಿ ಮರಾಠಿಯಲ್ಲಿ ಇರುತ್ತದೆ. ಒಂದರಲ್ಲಿ ಮಾಳಪ್ಪ, ಇನ್ನೊಂದರಲ್ಲಿ ಮಾಳಾಪ್ಪಾ, ಅಪ್ಪನ ಹೆಸರಿನ ಜಾಗದಲ್ಲಿ ಅಡ್ಡಹೆಸರು. ವಾರಸಾ ನೋಂದಣಿ ಅಲ್ಲಿಗೆ ನಿಲ್ಲುತ್ತದೆ, ‘ನಾ ಸರಿ ಮಾಡಿಸ್ತೀನಿ’ ಎನ್ನುವವನ ಅಂಗಡಿ ಅಲ್ಲಿಂದ ಶುರುವಾಗುತ್ತದೆ. ಆಸ್ಪತ್ರೆಗೆ ಸೇರಿಸುವಾಗ ಗಡಿಬಿಡಿಯಲ್ಲಿ ಬಾಯಿಮಾತಿನಲ್ಲಿ ಹೆಸರು ಬರೆಸಬೇಡಿ, ಆಧಾರ್ ಪ್ರತಿ ಕೊಟ್ಟು ಅದರಂತೆಯೇ ಬರೆಸಿ. ಶವ ಒಯ್ಯುವ ಮುಂಚೆ ಆಸ್ಪತ್ರೆ ಕಳಿಸುವ ಮರಣ ವರದಿಯಲ್ಲಿ ಹೆಸರು ಹೇಗಿದೆಯೆಂದು ಒಬ್ಬ ಓದುಬಲ್ಲ ಹುಡುಗ ನೋಡಲಿ. ಎರಡು ನಿಮಿಷದ ಕೆಲಸ ಇದು, ಆಮೇಲಿನ ಎಷ್ಟೋ ತಿರುಗಾಟ ಉಳಿಸುತ್ತದೆ. ಪ್ರಮಾಣಪತ್ರ ಕೊಡದೆ ಸತಾಯಿಸಿದರೆ ಮಹಾರಾಷ್ಟ್ರದಲ್ಲಿ 2015ರ ಲೋಕಸೇವಾ ಹಕ್ಕು ಕಾಯ್ದೆ, ಕರ್ನಾಟಕದಲ್ಲಿ 2011ರ ಸಕಾಲ, ಎರಡರಲ್ಲೂ ಮೇಲ್ಮನವಿಗೆ ಜಾಗವಿದೆ.

ಜಿಎಸ್‌ಟಿ ಬಗ್ಗೆಯೂ ಒಂದು ಮಾತು. 2022ರಲ್ಲಿ ‘ಸ್ಮಶಾನಕ್ಕೂ 18 ಪರ್ಸೆಂಟ್ ತೆರಿಗೆ’ ಎಂಬ ಸುದ್ದಿ ವಾಟ್ಸಾಪಿನಲ್ಲಿ ಊರೂರು ತಿರುಗಿತು. ಅದು ಸುಳ್ಳು. ಆ 18 ಶೇಕಡಾ ಚಿತಾಗಾರ ಕಟ್ಟುವ ಗುತ್ತಿಗೆ ಕೆಲಸಕ್ಕೆ. ಶವಸಂಸ್ಕಾರ, ಹೂಳುವುದು, ಚಿತಾಗಾರ, ಶವಾಗಾರ ಮತ್ತು ಶವ ಸಾಗಿಸುವ ಸೇವೆಗಳನ್ನು ಜಿಎಸ್‌ಟಿ ಕಾಯ್ದೆಯ ಮೂರನೆಯ ಅನುಸೂಚಿ ತೆರಿಗೆಯ ಹೊರಗೇ ಇಟ್ಟಿದೆ. ಶವ ಸಾಗಿಸಿದ ಬಾಡಿಗೆಗೆ ಯಾರಾದರೂ ತೆರಿಗೆ ಹಚ್ಚಿದರೆ ಕೊಡಬೇಡಿ. ಪೆಂಡಾಲು, ಊಟ ಇವು ಬೇರೆ, ಅವಕ್ಕೆ ಈ ಮಾಫಿ ಇಲ್ಲ.

ನಮ್ಮಲ್ಲಿ ಇಲ್ಲದ, ಇರಬೇಕಾದ ಒಂದು ನಿಯಮ ಅಮೆರಿಕದಲ್ಲಿದೆ. ಅಲ್ಲಿ 1963ರಲ್ಲಿ ಜೆಸ್ಸಿಕಾ ಮಿಟ್‌ಫರ್ಡ್ ಎಂಬ ಬರಹಗಾರ್ತಿ ಶವಸಂಸ್ಕಾರದ ವ್ಯಾಪಾರಿಗಳು ದುಃಖದಲ್ಲಿದ್ದವರನ್ನು ಹೇಗೆ ಸುಲಿಯುತ್ತಾರೆಂದು ಪುಸ್ತಕ ಬರೆದಳು, ದೇಶವೆಲ್ಲ ಅದನ್ನು ಓದಿತು. ಇಪ್ಪತ್ತು ವರ್ಷ ಎಳೆದಾಡಿ 1984ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ‘ಫ್ಯೂನರಲ್ ರೂಲ್’ ಜಾರಿಗೆ ತಂದಿತು. ಅಂಗಡಿಗೆ ಬಂದವರ ಕೈಗೆ ಬಾಬ್ತುವಾರು ದರಪಟ್ಟಿ ಕೊಡಬೇಕು. ಫೋನಿನಲ್ಲಿ ಕೇಳಿದರೂ ದರ ಹೇಳಬೇಕು. ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳುವ ಹಕ್ಕು ಮನೆಯವರದು. ಶವಪೆಟ್ಟಿಗೆ ಬೇರೆ ಕಡೆ ಕೊಂಡು ತಂದರೂ ಬೇಡವೆನ್ನುವಂತಿಲ್ಲ. ಕಾನೂನು ಕೇಳದಿದ್ದರೂ ಶವಕ್ಕೆ ಔಷಧ ತುಂಬಿಸಲೇಬೇಕೆಂದು ಸುಳ್ಳು ಹೇಳುವಂತಿಲ್ಲ. ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ತಂದೆತಾಯಿಯನ್ನು ಕಳಕೊಂಡ ಕನ್ನಡದ ಮಕ್ಕಳಿಗೆ ಮೊದಲು ಸಿಗುವುದು ಈ ದರಪಟ್ಟಿ. ಇಂಗ್ಲೆಂಡಿನಲ್ಲಿ 2021ರ ಸೆಪ್ಟೆಂಬರಿನಿಂದ ಎಲ್ಲ ಶವಸಂಸ್ಕಾರದ ಸಂಸ್ಥೆಗಳೂ ಒಂದೇ ನಮೂನೆಯ ದರಪಟ್ಟಿಯನ್ನು ಕಾಣುವ ಹಾಗೆ ಹಾಕಬೇಕು.

ಅಲ್ಲಿಯದೇ ಇನ್ನೊಂದು ಪಾಠ ನಮಗೆ ಮುಂದೆ ಬೇಕಾದೀತು. ಬದುಕಿರುವಾಗಲೇ ಕಂತು ಕಟ್ಟಿ ಸತ್ತ ಮೇಲಿನ ಖರ್ಚು ಮುಗಿಸಿಕೊಳ್ಳುವ ಯೋಜನೆಗಳು ಇಂಗ್ಲೆಂಡಿನಲ್ಲಿ ಬಹಳ. ಅದರಲ್ಲಿ ಸೇಫ್ ಹ್ಯಾಂಡ್ಸ್ ಎಂಬ ಕಂಪನಿ 2022ರಲ್ಲಿ ಮುಳುಗಿದಾಗ ಸುಮಾರು 46,000 ಜನರ ದುಡ್ಡು ಸಿಕ್ಕಿಕೊಂಡಿತು. ಅದೇ ವರ್ಷ ಜುಲೈಯಿಂದ ಅಲ್ಲಿ ಇಂಥ ಯೋಜನೆಗಳು ಹಣಕಾಸು ನಿಯಂತ್ರಕರ ಕೈಕೆಳಗೆ ಬಂದವು. ನಮ್ಮ ದೊಡ್ಡ ನಗರಗಳಿಗೂ ಈ ವ್ಯಾಪಾರ ಕಾಲಿಟ್ಟಿದೆ. ಸೋಲಾಪುರಕ್ಕೆ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ದುಡ್ಡು ಯಾರ ಹೆಸರಿನ ಖಾತೆಯಲ್ಲಿ ಇರುತ್ತದೆ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಸಮಾಜದ ಹೆಸರಿನಲ್ಲಿ ನಡೆಯುವ ಫಂಡು, ಭಿಶಿಗಳಿಗೂ ಇದೇ ಪ್ರಶ್ನೆ ಕೇಳಿ, ನಮ್ಮವರೇ ಇದ್ದಾರೆಂದು ಸುಮ್ಮನಿರಬೇಡಿ.

ಹೂಳುವ ಜಾಗದ ಪ್ರಶ್ನೆ ಹಳ್ಳಿಗಳಲ್ಲಿ ಬೇರೆ ರೀತಿ ಬರುತ್ತದೆ. ಈ ಭಾಗದ ಎಷ್ಟೋ ಮನೆತನಗಳಲ್ಲಿ ಹಿರಿಯರ ಸಮಾಧಿ ಸ್ವಂತ ಹೊಲದಲ್ಲೇ ಇರುತ್ತದೆ. ಮೊಮ್ಮಕ್ಕಳು ಪುಣೆ ಸೇರುತ್ತಾರೆ, ಹೊಲ ಮಾರುತ್ತಾರೆ. ಕೊಂಡವನು ಬೇಲಿ ಹಾಕುತ್ತಾನೆ, ಅಮಾವಾಸ್ಯೆಗೆ ಕಾಯಿ ಒಡೆಯಲು ಹೋದವರನ್ನು ಗೇಟಿನಲ್ಲೇ ನಿಲ್ಲಿಸುತ್ತಾನೆ. ಮಾರುವಾಗ ‘ಅದಕ್ಕೇನ್ರೀ, ಯಾವಾಗ ಬೇಕಾದರೂ ಬರ್ರಿ’ ಅಂದವನೇ ಇವನು. ಬಾಯಿಮಾತು ಅಂದಿಗೆ ಸರಿ. ಸಮಾಧಿ ಇರುವ ಗುಂಟೆಯನ್ನು ಖರೀದಿ ಪತ್ರದಲ್ಲಿ ಚತುಃಸೀಮೆ ಸಮೇತ ಬಿಡಿಸಿ, ಅಲ್ಲಿಗೆ ಹೋಗಿಬರುವ ಹಾದಿಯ ಹಕ್ಕನ್ನು ಬರೆಸಿಕೊಳ್ಳಬೇಕು. ಮುದ್ರಾಂಕ ಕಚೇರಿಯಲ್ಲಿ ಪತ್ರ ಬರೆಯುವವರಿಗೆ ಹೇಳಿದರೆ ನಾಲ್ಕು ಸಾಲು ಹೆಚ್ಚಿಗೆ ಬರೆಯುತ್ತಾರೆ.

ಸಮಾಧಿಯ ಕಲ್ಲಿನ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ತಕರಾರು ಹುಟ್ಟುವುದು ಅಕ್ಷರದಲ್ಲಿ. ಶಹಾಬಾದ ಕಲ್ಲೋ ಗ್ರಾನೈಟೋ ಎಂದು ಮಾತಾಡಿ ಮುಂಗಡ ಕೊಟ್ಟಿರುತ್ತಾರೆ, ಎಷ್ಟು ಇಂಚು ದಪ್ಪ, ಕೂಡಿಸುವ ಕೂಲಿ ಸೇರಿದೆಯೋ ಇಲ್ಲವೋ ಎಂದು ಬರೆದಿರುವುದಿಲ್ಲ. ಸೋಲಾಪುರದಲ್ಲಿ ಅಕ್ಷರ ಕೆತ್ತುವ ಹುಡುಗನಿಗೆ ದೇವನಾಗರಿ ಚೆನ್ನಾಗಿ ಬರುತ್ತದೆ, ಕನ್ನಡದ ಒತ್ತಕ್ಷರ ಬರುವುದಿಲ್ಲ. ಮೊಬೈಲಿನಲ್ಲಿ ಕಳಿಸಿದ ಹೆಸರು ಅವನ ಕಂಪ್ಯೂಟರಿನಲ್ಲಿ ಒಡೆದು, ಒತ್ತು ಬದಿಗೆ ಜಾರಿ, ‘ಸಿದ್ದಪ್ಪ’ ಎಂಬುದು ‘ಸಿದ್‌ದಪ್‌ಪ’ ಆಗಿ ಕಲ್ಲಿನ ಮೇಲೆ ಕೂತುಬಿಡುತ್ತದೆ. ಕಲ್ಲನ್ನು ಅಳಿಸಿ ಬರೆಯಲು ಬರುವುದಿಲ್ಲ. ಹೊಸ ಕಲ್ಲಿನ ಖರ್ಚು ಯಾರದೆಂದು ಜಗಳ. ಕೆತ್ತುವ ಮುಂಚೆ ಅದೇ ಅಳತೆಯ ಕಾಗದದ ಮೇಲೆ ಅಚ್ಚು ಹಾಕಿಸಿ, ಹೆಸರು ತಾರೀಖು ಓದಿ, ಆ ಕಾಗದದ ಮೇಲೆ ಇಬ್ಬರೂ ಸಹಿ ಮಾಡಿದರೆ ಆ ಜಗಳವೇ ಹುಟ್ಟುವುದಿಲ್ಲ. ತಪ್ಪಾದರೂ ಅದೇ ಕಾಗದ ಆಯೋಗದ ಮುಂದೆ ಸಾಕ್ಷಿ.

ಅಯ್ಯನವರ, ಭಟ್ಟರ ದಕ್ಷಿಣೆಯನ್ನು ನಾನು ಈ ಲೆಕ್ಕಕ್ಕೆ ತರುತ್ತಿಲ್ಲ. ಅದು ಕೊಡುವವರ ಮನಸ್ಸು. ಆದರೆ ‘ಇಷ್ಟು ಕೊಟ್ಟರೆ ಮಾತ್ರ ಬರ್ತೀನಿ’ ಎಂಬ ಮಾತು ಬಂದಲ್ಲಿ ಅದನ್ನು ದಕ್ಷಿಣೆ ಎನ್ನುವುದನ್ನು ಬಿಡೋಣ.

ಇನ್ನು ದೂರಿನ ದಾರಿ. 2019ರ ಕಾಯ್ದೆ ಗಡಿಯವರಿಗೆ ಒಂದು ದೊಡ್ಡ ಉಪಕಾರ ಮಾಡಿದೆ: ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಿಜಯಪುರದ ಆಂಬುಲೆನ್ಸಿನವನ ಮೇಲೆ ಸೋಲಾಪುರದ ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕಲಬುರಗಿಯ ಆಸ್ಪತ್ರೆಯ ಮೇಲೆ ಅಕ್ಕಲಕೋಟೆಯವರು ಸೋಲಾಪುರದಲ್ಲೇ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದಿಲ್ಲ. ವ್ಯವಹಾರ ನಡೆದ ಎರಡು ವರ್ಷದೊಳಗೆ ಕೊಡಬೇಕು, ಆದ್ದರಿಂದ ಮಣ್ಣು ದಿವಸ ಎಲ್ಲ ಮುಗಿದು ಮನಸ್ಸು ತಿಳಿಯಾದ ಮೇಲೂ ಕಾಲಾವಕಾಶ ಇದೆ. ಅಲ್ಲಿಗೆ ಹೋಗುವ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಕನ್ನಡವೂ ಸೇರಿ 17 ಭಾಷೆಗಳಲ್ಲಿ ಅದು ನಡೆಯುತ್ತದೆ. ಸೋಲಾಪುರ ಜಿಲ್ಲೆಯ ಕನ್ನಡಿಗ ತನ್ನ ಭಾಷೆಯಲ್ಲಿ ದೂರು ಹೇಳಿಕೊಳ್ಳಬಹುದಾದ ಸರ್ಕಾರಿ ಕದಗಳು ಬಹಳಿಲ್ಲ, ಇದೊಂದು ಇದೆ.

ಸಾಕ್ಷಿಗೆ ಏನು? ಚೀಟಿ ಇಲ್ಲದಿದ್ದರೆ ಫೋನ್‌ಪೇ, ಗೂಗಲ್‌ಪೇಯಲ್ಲಿ ಕೊಡಿ. ಯಾರಿಗೆ, ಎಷ್ಟು, ಯಾವ ಹೊತ್ತಿಗೆ ಎಂಬುದು ತಾನಾಗಿ ದಾಖಲಾಗುತ್ತದೆ. ಗಾಡಿ ಹತ್ತುವ ಮುಂಚೆ, ‘ವಿಜಯಪುರದಿಂದ ಹುಲಜಂತಿ, ಹೋಗಿ ಬರುವುದು ಸೇರಿ ಇಷ್ಟು’ ಎಂದು ಅವನ ನಂಬರಿಗೆ ಒಂದು ವಾಟ್ಸಾಪ್ ಹಾಕಿ, ಅವನಿಂದ ‘ಹೂಂ’ ಎಂದು ಬರೆಸಿಕೊಳ್ಳಿ. ಮನೆ ಮುಟ್ಟಿದ ಮೇಲೆ ಹುಟ್ಟುವ ಹೊಸ ಲೆಕ್ಕಗಳಿಗೆ ಆ ಒಂದು ಹೂಂ ಸಾಕು.

ಇದನ್ನೆಲ್ಲ ತಂದೆಯನ್ನು ಕಳಕೊಂಡ ಮಗ, ಗಂಡನನ್ನು ಕಳಕೊಂಡ ಹೆಂಡತಿ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಅವರಿಂದ ಆಗದು, ಆಗಲೂಬಾರದು. ಪ್ರತಿ ಮನೆತನದಲ್ಲೂ ಒಬ್ಬ ಅಳಿಯ, ಒಬ್ಬ ಸೋದರಮಾವ, ಓಣಿಯ ಒಬ್ಬ ಮಾಸ್ತರ ಇರುತ್ತಾನೆ. ಮದುವೆಯಲ್ಲಿ ಹಣದ ಚೀಲ ಹಿಡಿದು ಕೂಡುವವನು. ಮಣ್ಣಿನ ಮನೆಯಲ್ಲೂ ಅಂಥವನೊಬ್ಬನಿಗೆ ಹಿರಿಯರು ಹೇಳಿಬಿಡಲಿ: ದರ ಕೇಳುವವನು ನೀನು, ಚೀಟಿ ಇಸಕೊಳ್ಳುವವನು ನೀನು, ಮನೆಯವರ ಹತ್ತಿರ ಯಾರೂ ರೊಕ್ಕದ ಮಾತು ಆಡಬಾರದು. ಆಗ ‘ರೇಟ ನೋಡ್ದಾಂವ’ ಎಂಬ ಮಾತು ಮಗನಿಗೆ ತಟ್ಟುವುದಿಲ್ಲ, ‘ಆಮ್ಯಾಲ ನೋಡೂಣು’ ಎನ್ನುವವನ ಆಟವೂ ನಡೆಯುವುದಿಲ್ಲ.

ಊರಿನ ಪಾಲಿನ ಕೆಲಸವೂ ಒಂದಿದೆ. ಸ್ಮಶಾನದ ವಿಷಯ ಸಂವಿಧಾನದಲ್ಲಿ ರಾಜ್ಯದ ಪಟ್ಟಿಯಲ್ಲಿದೆ. ಮಹಾರಾಷ್ಟ್ರದ 1958ರ ಗ್ರಾಮಪಂಚಾಯತ ಕಾಯ್ದೆ ಸುಡುವ, ಹೂಳುವ ಜಾಗಗಳ ನಿರ್ವಹಣೆಯನ್ನು ಪಂಚಾಯತಿಗೆ ವಹಿಸಿದೆ. ದೆಹಲಿಯಿಂದ ಅಮೆರಿಕದಂಥ ನಿಯಮ ಬರುವವರೆಗೆ ಕಾಯುವ ಅಗತ್ಯವಿಲ್ಲ. ಬರುವ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಒಂದು ಠರಾವು ಕೇಳಲಿ: ಸ್ಮಶಾನದ ಗೇಟಿನ ಮೇಲೆ ಮರಾಠಿ, ಕನ್ನಡ ಎರಡರಲ್ಲೂ ಒಂದು ಬೋರ್ಡು. ಅದರಲ್ಲಿ ಕುಣಿಯ ಕೂಲಿ ಎಷ್ಟು, ಜೆಸಿಬಿ ತಾಸಿಗೆ ಎಷ್ಟು, ಕಟ್ಟಿಗೆ ಕ್ವಿಂಟಲಿಗೆ ಎಷ್ಟು, ಊರಿನ ಐಸ್ ಪೆಟ್ಟಿಗೆ ದಿನಕ್ಕೆ ಎಷ್ಟು, ಮಂಗಳವೇಢೆ, ಸೋಲಾಪುರ, ವಿಜಯಪುರದಿಂದ ಗಾಡಿಯ ಬಾಡಿಗೆ ಸಾಮಾನ್ಯವಾಗಿ ಎಷ್ಟು ಎಂದು ಬರೆದಿರಲಿ, ಕೊನೆಯಲ್ಲಿ 1915 ಇರಲಿ. ಯಾವ ಜಾತಿಯವರಿಗೂ ಇದೇ ಜಾಗ, ಇದೇ ದರ ಎಂಬ ಸಾಲು ಮೇಲುಗಡೆಯೇ ಬರಲಿ. ಬೋರ್ಡಿನ ಖರ್ಚು ಜಾತ್ರೆಯ ಒಂದು ಸ್ವಾಗತ ಕಮಾನಿನಷ್ಟೂ ಆಗುವುದಿಲ್ಲ. ಹುಲಜಂತಿಯ ಗ್ರಾಮಪಂಚಾಯತಿಯೇ ಇದನ್ನು ಮೊದಲು ಮಾಡಲಿ.